ಕೋರ್ಟ್ ಆದೇಶ ತಂದರೆ ಐಸಿಯು ಬೆಡ್ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ಉಸಿರಾಟದ ತೊಂದರೆಯಾಗಿ ವೆಂಟಿಲೇಟರ್ ಬೇಕಾಯಿತು. ಹೋದಲ್ಲೆಲ್ಲ ‘ಐಸಿಯು ಫುಲ್’ ಎಂದರು. ಹೈಕೋರ್ಟ್‌ನಿಂದ ಆದೇಶ ತಂದರೆ ಕೊಡಲೇಬೇಕು ಎನ್ನುತ್ತಾರೆ ಪರಿಚಯದ ವಕೀಲರು. ನಿಜವೇ? ಆಗ ಆಸ್ಪತ್ರೆಯವರು ಜಾಗ ಎಲ್ಲಿಂದ ತರುತ್ತಾರೆ?
– ಓದುಗರೊಬ್ಬರು, ಹಾಸನ

ತೀವ್ರ ನಿಗಾ ತಜ್ಞರ ಉತ್ತರ: ನಿಮ್ಮ ಎರಡನೇ ಪ್ರಶ್ನೆಯೇ ಅಸಲಿ ಪ್ರಶ್ನೆ. ಆದೇಶ ಹೊರಟ ಮಾತ್ರಕ್ಕೆ ಬೆಡ್ ಹುಟ್ಟುವುದಿಲ್ಲ. ಐಸಿಯು ಬೆಡ್ ಎಂದರೆ ಬರೀ ಮಂಚವಲ್ಲ. ವೆಂಟಿಲೇಟರ್, ಮಾನಿಟರ್, ಆಕ್ಸಿಜನ್ ಪಾಯಿಂಟ್, ಎಲ್ಲಕ್ಕಿಂತ ಹೆಚ್ಚಾಗಿ ಪಾಳಿಯುದ್ದಕ್ಕೂ ಪಕ್ಕದಲ್ಲೇ ಇರುವ ನರ್ಸ್. ನರ್ಸ್ ಇಲ್ಲದ ಮಂಚವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದೇಶ ಬಂದಾಗ ನಡೆಯಬೇಕಾದ್ದು ಇಷ್ಟು. ಡ್ಯೂಟಿ ಡಾಕ್ಟರ್ ವಾರ್ಡ್ ಸುತ್ತಿ, ಯಾರನ್ನು ಹೊರಗೆ ಕಳಿಸಬಹುದು ಎಂದು ನೋಡುತ್ತಾರೆ. ವೆಂಟಿಲೇಟರ್ ತೆಗೆದು ದಿನ ಕಳೆದಿದೆ, ಔಷಧವಿಲ್ಲದೆ ಬಿಪಿ ನಿಲ್ಲುತ್ತಿದೆ ಎಂದಾದರೆ ಅವರು ಎಚ್‌ಡಿಯುಗೆ (ಐಸಿಯುಗಿಂತ ಒಂದು ಹಂತ ಕಡಿಮೆ ನಿಗಾದ ಘಟಕ) ಹೋಗಬಹುದು. ಅಂಥವರು ಯಾರೂ ಇಲ್ಲವೆಂದರೆ, ಕಾಗದ ತಂದವರಿಗಾಗಿ ಕಾಗದವಿಲ್ಲದವರ ನಳಿಕೆ ಕೀಳುವಂತಿಲ್ಲ. ಹೊಸ ರೋಗಿಗೆ ಕ್ಯಾಶುವಲ್ಟಿಯಲ್ಲೇ ಉಸಿರಿನ ನೆರವು ಕೊಟ್ಟು, ಬೇರೆ ಆಸ್ಪತ್ರೆಗಳಿಗೆ ಫೋನ್ ಹಚ್ಚಬೇಕು. ಎಷ್ಟು ಬೆಡ್, ಎಷ್ಟು ವೆಂಟಿಲೇಟರ್, ಏಕೆ ಖಾಲಿಯಿಲ್ಲ ಎಂಬುದನ್ನು ಅಂದೇ ಬರೆದು ಸರ್ಕಾರಿ ವಕೀಲರಿಗೋ ಆಸ್ಪತ್ರೆಯ ವಕೀಲರಿಗೋ ಮುಟ್ಟಿಸಬೇಕು. ನ್ಯಾಯಾಂಗ ನಿಂದನೆಯ ಭಯಕ್ಕೆ ಬಿದ್ದು ಸರದಿ ತಪ್ಪಿಸುವುದಕ್ಕಿಂತ ಈ ಒಂದು ಪುಟ ಎಷ್ಟೋ ಮೇಲು.

ಬ್ರೆಜಿಲ್‌ನಲ್ಲಿ ಐಸಿಯುಗಾಗಿ ಕೋರ್ಟ್ ಮೆಟ್ಟಿಲೇರುವುದು ಮಾಮೂಲು. ಅಲ್ಲಿನ ವೈದ್ಯಕೀಯ ಮಂಡಳಿ 2016ರಲ್ಲೇ ಯಾರಿಗೆ ಮೊದಲು ಎಂಬುದಕ್ಕೆ ಐದು ಹಂತ ಗೊತ್ತುಮಾಡಿತು. ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಬಂದದ್ದು 2024ರ ಆರಂಭದಲ್ಲಿ. ಬೆಡ್‌ಗಾಗಿ ಕಾಯುವ ರೋಗಿಯ ನಾಡಿ, ಬಿಪಿ, ಉಸಿರು, ಆಮ್ಲಜನಕ, ಮೂತ್ರ, ಪ್ರಜ್ಞೆ ಇವನ್ನು ಗಮನಿಸುತ್ತಿರಬೇಕು ಎಂದು ಅದರಲ್ಲಿದೆ. ಜನ ಇದನ್ನು ಕೇಳಿ ಪಡೆಯುವುದೇ ಇಲ್ಲ.

ಹಾಗಾದರೆ ಕೋರ್ಟಿಗೆ ಹೋಗುವುದು ವ್ಯರ್ಥವೇ? ಅಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ವಾಪಸ್ ಕಳಿಸಿದವು. 1996ರಲ್ಲಿ ಸುಪ್ರೀಂ ಕೋರ್ಟ್ ಇದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 25,000 ರೂಪಾಯಿ ಪರಿಹಾರ ಕೊಡಿಸಿತು. ಎಲ್ಲಿ ಬೆಡ್ ಖಾಲಿಯಿದೆ ಎಂದು ತಿಳಿದು ರೋಗಿಯನ್ನು ನೇರ ಅಲ್ಲಿಗೇ ಕಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕೆಂದೂ ಹೇಳಿತು. ನನ್ನ ಪ್ರಕಾರ ಇದು ಸರಿಯಾದ ಆದೇಶ: ಒಬ್ಬರಿಗೆ ಬೆಡ್ ಅಲ್ಲ, ಎಲ್ಲರಿಗೂ ಖಾಲಿ ಬೆಡ್‌ಗಳ ಲೆಕ್ಕ. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಬಿಯು ನಂಬರ್ (ಸೋಂಕಿತರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಹಿಡಿದು ಬೆಡ್ ಹಂಚಿದ್ದು ಇಂಥದೇ ವ್ಯವಸ್ಥೆ. ಅದರಲ್ಲೂ ಬೆಡ್ ಬ್ಲಾಕಿಂಗ್, ಅಂದರೆ ಬೇರೆಯವರ ಹೆಸರಲ್ಲಿ ಬೆಡ್ ಹಿಡಿದಿಟ್ಟ ಆರೋಪ ಬಂತು, ಆ ಮಾತು ಬೇರೆ.

ಮುಂದೆ ಇಂಥ ಸಂದರ್ಭ ಬಂದರೆ ಕ್ಯಾಶುವಲ್ಟಿಯಿಂದ ಬಾಯಿಮಾತಿನ ‘ಫುಲ್’ ಕೇಳಿಕೊಂಡು ಹೊರಡಬೇಡಿ. ಸಮಯ, ರೋಗಿಯ ಸ್ಥಿತಿ, ಕೊಟ್ಟ ಚಿಕಿತ್ಸೆ ನಮೂದಿಸಿದ ರೆಫರಲ್ ಚೀಟಿ ಕೇಳಿ. ಮುಂದಿನ ಆಸ್ಪತ್ರೆಗೆ ಅಲ್ಲಿಂದಲೇ ಡಾಕ್ಟರ್ ಮಾತಾಡಿ ಬೆಡ್ ಖಚಿತಪಡಿಸಲಿ, ಆಮೇಲೆ ಆಂಬುಲೆನ್ಸ್ ಹತ್ತಿಸಿ. ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೂ ವಕೀಲರು ಮೊದಲು ಕೇಳುವುದು ಆ ಚೀಟಿಯನ್ನೇ.