ನಿವೃತ್ತ ಪೊಲೀಸರ ಸಂಘದಲ್ಲಿ ಹುದ್ದೆಯ ತಾರತಮ್ಯ: ಪ್ರತಿಕ್ರಿಯೆ
ಚಂದಾ ಎಲ್ಲರಿಗೂ ಒಂದೇ, ಆದರೆ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್ ಆಗಿದ್ದವರಿಗೆ ಸಮಿತಿಯಲ್ಲಿ ಜಾಗವಿಲ್ಲ ಎಂದಿದ್ದೀರಿ. ಇದು ಬಹುಶಃ ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಇರುವುದಿಲ್ಲ, ಬರೀ ರೂಢಿ. ಡಿವೈಎಸ್ಪಿ ಆಗಿದ್ದವರು ಚುನಾವಣೆಗೆ ನಿಂತರೆ ಎದುರು ನಾಮಪತ್ರ ಹಾಕಲು ಯಾರೂ ಬರುವುದಿಲ್ಲ. ನಮ್ಮ ಸಂಘದಲ್ಲೂ ಹಾಗೇ ಆಗಿತ್ತು. ನಿಮ್ಮ ಬೈಲಾ ನೋಡದೆ ಖಚಿತವಾಗಿ ಹೇಳಲಾರೆ.

ಹಾಗಾಗಿ ಮೊದಲು ಬೈಲಾ ಪ್ರತಿ ತರಿಸಿಕೊಳ್ಳಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ, ಕಾರ್ಯದರ್ಶಿ ಕೊಡದಿದ್ದರೂ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ಚುನಾವಣೆಯ ಭಾಗ ಓದಿ. ಹುದ್ದೆಯ ಮಾತೇ ಇಲ್ಲದಿದ್ದರೆ ನಾಲ್ಕೈದು ಜನ ಒಟ್ಟಿಗೆ ನಾಮಪತ್ರ ಹಾಕಿ. ಒಬ್ಬರೇ ಹಾಕಿದರೆ ಸಾಹೇಬರ ಒಂದು ಫೋನಿಗೆ ವಾಪಸ್ ತೆಗೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಗುಪ್ತ ಮತದಾನ ಬೇಕೆಂದು ಸಭೆಗೆ ಮೊದಲೇ ಬರೆದು ಕೊಡಿ. ಹಳೇ ಸಾಹೇಬರ ಮುಂದೆ ಅವರ ವಿರುದ್ಧ ಕೈ ಎತ್ತಲು ಧೈರ್ಯ ಬರುವುದಿಲ್ಲ, ಅಲ್ವಾ? ಚೀಟಿ ಬಂದರೆ ಲೆಕ್ಕವೇ ಬೇರೆ. ಇಲಾಖೆಯಲ್ಲಿ ಜಾಸ್ತಿ ಇದ್ದವರು ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್ ಆಗಿದ್ದ ನಾವೇ.

ಬೈಲಾದಲ್ಲೇ ತಾರತಮ್ಯ ಬರೆದಿದ್ದರೆ ವಾರ್ಷಿಕ ಸಭೆಗೆ ತಿದ್ದುಪಡಿ ನೋಟಿಸ್ ಕೊಡಬೇಕು. ಎಷ್ಟು ಬಹುಮತ ಬೇಕು ಎಂಬುದನ್ನು ನೋಂದಣಾಧಿಕಾರಿ ಕಚೇರಿಯಲ್ಲೇ ಕೇಳಿಕೊಳ್ಳಿ. ಸಮಿತಿ ನಿಮ್ಮ ಮಾತಿಗೆ ಕಿವಿಗೊಡದಿದ್ದರೆ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಅದೇ ಕಾಯ್ದೆಯ ಕಲಂ 25ರಡಿ ವಿಚಾರಣೆ ನಡೆಸುವಂತೆ ನೋಂದಣಾಧಿಕಾರಿಗೆ ಅರ್ಜಿ ಕೊಡಬಹುದು. ಕೊಡುವ ಪ್ರತಿ ಕಾಗದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.