ಕಿವಿ ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟ ಆಗುತ್ತಾ?

ತಂಗಿಯ ಕಿವಿ ಸೋರುತ್ತಿದೆ, ಡಾಕ್ಟರು ಕೊಲೆಸ್ಟಿಯಟೋಮಾ ಅಂದಿದ್ದಾರೆ, ಮಾಸ್ಟಾಯ್ಡ್ (ಕಿವಿಯ ಹಿಂದಿನ ಎಲುಬು) ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟ ಆಗುತ್ತದೆ ಅಂತ ಮನೆಯವರು ಬೇಡ ಅನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ನನಗೂ ಇದೇ ಕಾಯಿಲೆ ಇತ್ತು, ನಮ್ಮ ಮನೆಯಲ್ಲೂ ಇದೇ ಮಾತು. ಆ ಭಯದಲ್ಲೇ ನಾನು ಎರಡು ವರ್ಷ ಕಳೆದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಹಾಕಿಕೊಂಡೆ. ದಯವಿಟ್ಟು ಅದನ್ನು ಮಾಡಬೇಡಿ.

ಕೊಲೆಸ್ಟಿಯಟೋಮಾ ಕ್ಯಾನ್ಸರ್ ಅಲ್ಲ. ಕಿವಿತಮಟೆಯ ಹಿಂದೆ ಚರ್ಮ ಚೀಲದ ಹಾಗೆ ಬೆಳೆದು, ಸುತ್ತಲಿನ ಎಲುಬನ್ನು ಸವೆಸುತ್ತದೆ. ಮುಖದ ನರ ಹಾದುಹೋಗುವುದು ಅದೇ ಎಲುಬಿನೊಳಗೆ. ಅಂದರೆ ಸುಮ್ನೆ ಬಿಟ್ಟರೂ ಬಾಯಿ ಸೊಟ್ಟ ಆಗಬಹುದು, ಕೀವು ಮೆದುಳಿನವರೆಗೂ ಹೋಗಬಹುದು. ಡ್ರಾಪ್ಸ್ ಹಾಕಿದರೆ ಸೋರುವುದು ನಿಲ್ಲಬಹುದು, ಚೀಲ ಹೋಗುವುದಿಲ್ಲ. ಆಪರೇಷನ್‌ನಲ್ಲಿ ಆ ನರಕ್ಕೆ ಪೆಟ್ಟಾಗುವುದು ಅಪರೂಪ. ನನಗೆ ಎಚ್ಚರವಾದ ಕೂಡಲೇ ಡಾಕ್ಟರು ಹಲ್ಲು ತೋರಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಅಂದರು. ಎರಡೂ ಆಯಿತು. ಪಕ್ಕದಲ್ಲಿದ್ದ ಅವ್ವ ಅತ್ತೇಬಿಟ್ಟಳು.

ನನಗೆ ಯಾರೂ ಮೊದಲೇ ಹೇಳದೇ ಇದ್ದದ್ದು ರುಚಿಯ ವಿಷಯ. ನಾಲಿಗೆಯ ಮುಂಭಾಗದ ರುಚಿ ತಿಳಿಸುವ ಸಣ್ಣ ನರ ಒಂದು ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೆ ಎಳೆತ ಬೀಳಬಹುದು, ಕೆಲವೊಮ್ಮೆ ಕತ್ತರಿಸಲೇಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬ್ಯಾಡಗಿಗೆ ಮರಳಿ ರೊಟ್ಟಿ, ಕೆಂಪು ಚಟ್ನಿ ಬಾಯಿಗಿಟ್ಟರೆ ನಾಲಿಗೆಯ ಎಡಭಾಗಕ್ಕೆ ತಗಡು ನೆಕ್ಕಿದ ಹಾಗಾಯಿತು. ಮೆಣಸಿನಕಾಯಿ ಊರಲ್ಲಿ ಹುಟ್ಟಿ ಚಟ್ನಿ ರುಚಿ ಹತ್ತದಿದ್ದರೆ ಎಷ್ಟು ಸಂಕಟ ಆಗುತ್ತದೆ ನೋಡಿ. ಸರಿಹೋಗಲು ನಾಲ್ಕು ತಿಂಗಳು ಬೇಕಾಯಿತು. ಮೊದಲೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನೀವು ಡಾಕ್ಟರ ಹತ್ತಿರ ಇದನ್ನು ಮೊದಲೇ ಕೇಳಿಕೊಳ್ಳಿ. ಸಿಟಿ ಸ್ಕ್ಯಾನ್‌ನಲ್ಲಿ ಮುಖದ ನರದ ಮೇಲಿನ ಎಲುಬು ಸವೆದಿದೆಯಾ, ಚೀಲ ಮತ್ತೆ ಬೆಳೆದರೆ ಎರಡನೇ ಆಪರೇಷನ್ ಬೇಕಾಗುತ್ತದಾ ಅಂತಲೂ ಕೇಳಿ.

ಕಿವಿ ಮೊದಲಿನಷ್ಟು ಕೇಳಿಸುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಚೀಲ ಪೂರ್ತಿ ತೆಗೆದು ಕಿವಿ ಒಣಗಿಸುವುದೇ ಮೊದಲ ಕೆಲಸ. ನನಗೆ ಸ್ವಲ್ಪ ಕಮ್ಮಿಯೇ ಕೇಳಿಸುತ್ತದೆ.

ಆಪರೇಷನ್ ಆದ ಮೇಲೆ ಕೆಲವು ವಾರ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತಲೆಸ್ನಾನಕ್ಕೆ ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟುಕೊಳ್ಳಬೇಕು. ಡಾಕ್ಟರು ಕರೆದಾಗಲೆಲ್ಲ ಕಿವಿ ಸ್ವಚ್ಛ ಮಾಡಿಸಬೇಕು. ನಾನು ಒಮ್ಮೆ ತಪ್ಪಿಸಿದೆ, ಮತ್ತೆ ಸೋರಿತು.

ಈಗಲೇ ತಂಗಿಗೆ ಜೋರು ತಲೆನೋವು, ಜ್ವರ, ವಾಂತಿ, ತಲೆ ತಿರುಗುವುದು ಅಥವಾ ಮುಖ ಒಂದು ಕಡೆ ಎಳೆದ ಹಾಗೆ ಆದರೆ, ಆಪರೇಷನ್ ತಾರೀಕಿಗೆ ಕಾಯಬೇಡಿ. ಅವತ್ತೇ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐಗೋ (ಮೊದಲು ಕಿಮ್ಸ್ ಅನ್ನುತ್ತಿದ್ದದ್ದು), ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದುಕೊಂಡು ಹೋಗಿ.