ಕಾರ್ಖಾನೆಯ ಕೆಲಸಗಾರರಿಗೆ ಹಣಕಾಸಿನ ತಿಳಿವಳಿಕೆ ಕೊಡಿಸಿದರೆ ಉಪಯೋಗವಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಶಿವಮೊಗ್ಗದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನೀವು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೀರಿ; ನೂರಿಪ್ಪತ್ತು ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ತಿಂಗಳ ಹದಿನೈದನೆಯ ತಾರೀಕು ದಾಟುವುದರೊಳಗೆ ಅಡ್ವಾನ್ಸ್ ಕೇಳಿಕೊಂಡು ಬರುತ್ತಾರೆ; ಯಾರನ್ನಾದರೂ ಕರೆಸಿ ಹಣಕಾಸಿನ ತರಬೇತಿ ಕೊಡಿಸೋಣ ಎಂದು ಮಾಲೀಕರು ಹೇಳುತ್ತಿದ್ದಾರೆ; ಅದರಿಂದ ನಿಜವಾಗಿ ಉಪಯೋಗವಾಗುತ್ತದೆಯೇ, ಆಗುವುದಾದರೆ ಏನನ್ನು ಕಲಿಸಬೇಕು? ನಾನು ಮಾಚೇನಹಳ್ಳಿಯ ಕಡೆಯ ಒಂದು ಫೌಂಡ್ರಿಯ, ಎಂದರೆ ಎರಕದ ಕಾರ್ಖಾನೆಯ, ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಅಡ್ವಾನ್ಸ್ ರಿಜಿಸ್ಟರ್ ಇಷ್ಟೂ ಕಾಲ ನನ್ನ ಮೇಜಿನ ಮೇಲೆಯೇ ಇತ್ತು. ಆ ಅನುಭವದ ಮೇಲೆ ಹೇಳುವುದಾದರೆ, ಉಪಯೋಗ ಖಂಡಿತ ಇದೆ, ಆದರೆ ವರ್ಷಕ್ಕೊಮ್ಮೆ ಒಂದು ಭಾಷಣ ಇಡಿಸಿದರೆ ಇಲ್ಲ.

ನಾವು ಮೊದಲ ಸಲ ಮಾಡಿದ್ದು ಅಂಥ ಭಾಷಣವನ್ನೇ, ಅದನ್ನು ಏರ್ಪಡಿಸಿದವನೂ ನಾನೇ. ಬಂದವರು ಓದಿಕೊಂಡವರು, ಮ್ಯೂಚುವಲ್ ಫಂಡ್ ಬಗ್ಗೆ ಒಂದೂವರೆ ಗಂಟೆ ಚೆನ್ನಾಗಿಯೇ ಮಾತನಾಡಿದರು. ಮಾರನೆಯ ದಿನ ಫೆಟ್ಲಿಂಗ್ ವಿಭಾಗದ ಒಬ್ಬ ಹುಡುಗ ನನ್ನ ಬಳಿ ಬಂದು, ತನ್ನ ಸಂಬಳದಲ್ಲಿ ಪ್ರತಿ ತಿಂಗಳು 135 ರೂಪಾಯಿ ಏಕೆ ಕಡಿತವಾಗುತ್ತದೆ ಎಂದು ಕೇಳಿದ. ನಾಲ್ಕು ವರ್ಷದಿಂದ ಅವನ ಹಣ ಕಡಿತವಾಗುತ್ತಿತ್ತು, ಅದು ಇ.ಎಸ್.ಐ., ಎಂದರೆ ಕೆಲಸಗಾರನಿಗೂ ಅವನ ಮನೆಯವರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆಯ ಕಂತು, ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ವರ್ಷವಷ್ಟೇ ಹೆಂಡತಿಯ ಹೆರಿಗೆಗೆಂದು ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹಣ ಕಟ್ಟಿದ್ದ. ಆ ದಿನ ನನಗೆ ಆದ ಸಂಕಟ ಈಗಲೂ ನೆನಪಿದೆ. ತನ್ನದೇ ಹಣದ ಮೇಲೆ ತನಗಿರುವ ಹಕ್ಕೇ ಗೊತ್ತಿಲ್ಲದವನಿಗೆ ನಾವು ಶೇರುಪೇಟೆಯ ಮಾತು ಕೇಳಿಸಿದ್ದೆವು.

ಆದ್ದರಿಂದ ತರಬೇತಿಗಿಂತ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ಹಿಂದಿನ ಹನ್ನೆರಡು ತಿಂಗಳ ಅಡ್ವಾನ್ಸ್ ರಿಜಿಸ್ಟರ್ ತೆಗೆದು, ಯಾವ ತಿಂಗಳಲ್ಲಿ ಎಷ್ಟು ಜನ ಯಾವ ಕಾರಣಕ್ಕೆ ಕೇಳಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾರಣ ಬರೆದಿಲ್ಲವಾದರೆ ಈ ತಿಂಗಳಿಂದ ಬರೆಯಲು ಶುರುಮಾಡಿ. ನಮ್ಮಲ್ಲಿ ಮೊದಲ ಕಾರಣ ಆಸ್ಪತ್ರೆ, ಎರಡನೆಯದು ಮೇ ಮತ್ತು ಜೂನ್ ತಿಂಗಳ ಶಾಲೆಯ ಫೀಸು, ಮೂರನೆಯದು ಜಾತ್ರೆ. ಕುಡಿತ, ಮೊಬೈಲು ಎಂದು ಆಫೀಸಿನಲ್ಲಿ ಕುಳಿತವರು ಸಾಮಾನ್ಯವಾಗಿ ಅಂದುಕೊಳ್ಳುವ ಕಾರಣಗಳು ತೀರ ಕೆಳಗಿದ್ದವು. ಈ ಹಾಳೆಯೇ ನಮಗೆ ಪಠ್ಯವಾಯಿತು.

ಮೊದಲ ಪಾಠ ಸಂಬಳದ ಚೀಟಿಯದೇ ಆಗಲಿ. ಪ್ರತಿಯೊಬ್ಬರೂ ತಮ್ಮದೇ ಚೀಟಿಯನ್ನು ಕೈಯಲ್ಲಿ ಹಿಡಿದು ಕೂರಲಿ. ಒಟ್ಟು ಸಂಬಳ 18,000 ರೂಪಾಯಿ, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 12,500 ಎಂದುಕೊಳ್ಳಿ. ಭವಿಷ್ಯನಿಧಿಗೆ (ಪಿ.ಎಫ್.) ಶೇಕಡಾ 12ರಂತೆ 1,500 ರೂಪಾಯಿ, ಇ.ಎಸ್.ಐ.ಗೆ ಶೇಕಡಾ 0.75ರಂತೆ 135 ರೂಪಾಯಿ ಕಡಿತವಾಗುತ್ತದೆ. ಇಷ್ಟು ಚೀಟಿಯಲ್ಲಿ ಕಾಣುತ್ತದೆ. ಆದರೆ ಮಾಲೀಕರು ತಮ್ಮ ಕಡೆಯಿಂದ ಇನ್ನೊಂದು 1,500 ಭವಿಷ್ಯನಿಧಿಗೂ, ಶೇಕಡಾ 3.25ರಂತೆ 585 ರೂಪಾಯಿ ಇ.ಎಸ್.ಐ.ಗೂ ಕಟ್ಟುತ್ತಾರೆ ಎಂಬುದನ್ನು ಹೆಚ್ಚಿನವರು ತಿಳಿದಿರುವುದಿಲ್ಲ. ಇನ್ನು ಭವಿಷ್ಯನಿಧಿಯ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆರೆದು ನೋಡಿದವರು ‘ಕಂಪನಿ 459 ರೂಪಾಯಿ ಮಾತ್ರ ಹಾಕಿದೆ, ನಮಗೆ ಮೋಸವಾಗಿದೆ’ ಎಂದು ಜಗಳಕ್ಕೆ ಬರುವುದುಂಟು. ಮಾಲೀಕರ ಪಾಲಿನಲ್ಲಿ ಶೇಕಡಾ 8.33, ಎಂದರೆ 1,041 ರೂಪಾಯಿ, ಪಿಂಚಣಿಯ ಖಾತೆಗೆ ಹೋಗುತ್ತದೆ, ಉಳಿದ 459 ಮಾತ್ರ ಭವಿಷ್ಯನಿಧಿಗೆ ಬರುತ್ತದೆ ಎಂದು ಅವರ ಪಾಸ್‌ಬುಕ್ಕಿನಲ್ಲಿಯೇ ಬೆರಳಿಟ್ಟು ತೋರಿಸಿದರೆ ಜಗಳವೂ ತೀರುತ್ತದೆ, ಪಿಂಚಣಿ ಎಂಬುದೊಂದಿದೆ ಎಂದೂ ತಿಳಿಯುತ್ತದೆ.

ಈ ಪಿಂಚಣಿಯ ವಿಷಯವನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಮೌಲ್ಡಿಂಗ್ ಕೆಲಸ ಮಾಡುತ್ತಿದ್ದ, ಹೊಸನಗರ ಕಡೆಯ ಒಬ್ಬರು ಎಂಟು ವರ್ಷ ದುಡಿದು ಬೇರೆ ಕಡೆ ಹೋಗುವಾಗ, ತಂಗಿಯ ಮದುವೆಗೆಂದು ಭವಿಷ್ಯನಿಧಿಯ ಜೊತೆಗೆ ಪಿಂಚಣಿಯ ಹಣವನ್ನೂ ತೆಗೆದುಕೊಂಡರು. ಅರ್ಜಿಗೆ ಸಹಿ ಹಾಕಿಸಿಕೊಂಡವನು ನಾನು, ಆಗ ಏನನ್ನೂ ಹೇಳಲಿಲ್ಲ. ಹೊಸ ಕೆಲಸದಲ್ಲಿ ಅವರ ಸೇವೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಐವತ್ತೆಂಟಕ್ಕೆ ಬಿಡುವಾಗ ಅಲ್ಲಿ ಆಗಿದ್ದದ್ದು ಆರು ವರ್ಷ. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟು ಮತ್ತು ಆರು ಕೂಡಿದರೆ ಹದಿನಾಲ್ಕು. ಅಂದು ಹಣ ತೆಗೆಯದೆ ಅದೇ ಯು.ಎ.ಎನ್. ಸಂಖ್ಯೆಗೆ (ಕೆಲಸ ಬದಲಾದರೂ ಬದಲಾಗದ ಭವಿಷ್ಯನಿಧಿಯ ಸಂಖ್ಯೆಗೆ) ವರ್ಗಾಯಿಸಿಕೊಂಡಿದ್ದರೆ ಅವರಿಗೆ ಜೀವನಪೂರ್ತಿ ಪಿಂಚಣಿ ಬರುತ್ತಿತ್ತು, ಅವರ ನಂತರ ಹೆಂಡತಿಗೂ ಬರುತ್ತಿತ್ತು. ಅರ್ಜಿಗೆ ಸಹಿ ಹಾಕುವ ಆ ಐದು ನಿಮಿಷದಲ್ಲಿ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂದಿನಿಂದ ಕೆಲಸ ಬಿಡುವವರು ಯಾರೇ ಬರಲಿ, ಅವರನ್ನು ಕೂರಿಸಿ ಎರಡು ದಾರಿಯ ಲೆಕ್ಕವನ್ನೂ ಬರೆದು ತೋರಿಸದೆ ನಾನು ಕಾಗದ ಮುಂದಕ್ಕೆ ಕಳಿಸಿಲ್ಲ. ತಿಳಿವಳಿಕೆ ಕೊಡಲು ಇರುವ ಅತ್ಯುತ್ತಮ ಸಮಯ ಕೆಲಸಗಾರನು ನಿರ್ಧಾರ ತೆಗೆದುಕೊಳ್ಳುವ ಸಮಯವೇ, ಆ ಹೊತ್ತಿಗೆ ಅವನ ಎದುರಿಗೆ ಕುಳಿತಿರುವವರು ನಿಮ್ಮ ವಿಭಾಗದವರು.

ಇ.ಎಸ್.ಐ. ವಿಷಯದಲ್ಲಿ ಮನೆಯವರೆಲ್ಲರ ಹೆಸರು ಸೇರಿದೆಯೇ ಎಂದು ಮೊದಲು ನೋಡಿ. ನಾವು ಪರಿಶೀಲಿಸಿದಾಗ ಎಷ್ಟೋ ಜನ ತಂದೆ ತಾಯಿಯ ಹೆಸರನ್ನಾಗಲಿ, ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನಾಗಲಿ ಸೇರಿಸಿಯೇ ಇರಲಿಲ್ಲ. ತಿಂಗಳ ಸಂಬಳ 21,000ದ ಒಳಗಿರುವವರಿಗೆಲ್ಲ ಇದು ಅನ್ವಯಿಸುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಬರಲಾಗದ ದಿನಗಳಿಗೆ, ಕಂತು ಕಟ್ಟಿದ ದಿನಗಳ ಷರತ್ತು ಪೂರೈಸಿದ್ದರೆ, ಸಂಬಳದ ಶೇಕಡಾ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತಾರೆ ಎಂಬುದು ಗೊತ್ತಿದ್ದರೆ, ಜ್ವರದಲ್ಲಿಯೇ ಕುಲುಮೆಯ ಮುಂದೆ ಬಂದು ನಿಲ್ಲುವ ಪ್ರಮೇಯ ಬರುವುದಿಲ್ಲ.

ಸಾಲದ ಬಡ್ಡಿಯನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. ನಾನು ಸ್ಟೋರ್ಸಿನಿಂದ ಹತ್ತು ವಾಷರ್ ತರಿಸಿಕೊಳ್ಳುತ್ತಿದ್ದೆ, ಒಂದೊಂದಕ್ಕೂ ಸಾವಿರ ರೂಪಾಯಿಯ ಬೆಲೆ. ನಮ್ಮ ಕಡೆ ವಾರದ ಬಡ್ಡಿಯವರು ಹತ್ತು ಸಾವಿರ ಎಂದು ಹೇಳಿ, ಸಾವಿರ ಹಿಡಿದುಕೊಂಡು, ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಕೇಳಿದರೆ ಎಲ್ಲರೂ ‘ನೂರಕ್ಕೆ ಹತ್ತು ರೂಪಾಯಿ ಬಡ್ಡಿ, ಅಷ್ಟೇನೂ ಹೆಚ್ಚಲ್ಲ’ ಎನ್ನುತ್ತಿದ್ದರು. ಆಗ ಒಬ್ಬರ ಮುಂದೆ ಒಂಬತ್ತು ವಾಷರ್ ಇಟ್ಟು, ವಾರಕ್ಕೊಂದರಂತೆ ಹಿಂದಕ್ಕೆ ತೆಗೆದುಕೊಳ್ಳುತ್ತಾ ಹೋಗುತ್ತಿದ್ದೆ. ಐದನೆಯ ವಾರಕ್ಕೆ ಅವರ ಬಳಿ ಉಳಿಯುವುದು ನಾಲ್ಕು. ಹತ್ತು ವಾರವನ್ನೂ ಸರಾಸರಿ ನೋಡಿದರೆ ಅವರ ಕೈಯಲ್ಲಿದ್ದದ್ದು ಐದು ಸಾವಿರದ ಆಸುಪಾಸು, ಅದಕ್ಕೆ ಹತ್ತು ವಾರಕ್ಕೆ ಕೊಟ್ಟ ಬಡ್ಡಿ ಸಾವಿರ, ಎಂದರೆ ನೂರಕ್ಕೆ ಇಪ್ಪತ್ತು. ವರ್ಷದಲ್ಲಿ ಇಂಥ ಹತ್ತು ವಾರಗಳು ಐದು ಸಲ ಬರುತ್ತವೆ. ವರ್ಷಕ್ಕೆ ನೂರಕ್ಕೆ ನೂರು ಎಂಬ ಮಾತನ್ನು ನಾನು ಹೇಳುವ ಮುನ್ನವೇ ಯಾರಾದರೊಬ್ಬರು ಹೇಳಿಬಿಡುತ್ತಿದ್ದರು, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡುತ್ತಿರಲಿಲ್ಲ. ಬೈಕಿನ ಸಾಲಕ್ಕೂ ಇದೇ ವಾಷರ್ ಸಾಕು: ಒಂದು ಲಕ್ಷಕ್ಕೆ ಎರಡು ವರ್ಷಕ್ಕೆ ‘ಫ್ಲಾಟ್’ ಶೇಕಡಾ 12 (ಕಂತು ಕಟ್ಟುತ್ತಾ ಹೋದರೂ ಪೂರ್ತಿ ಲಕ್ಷದ ಮೇಲೆಯೇ ಹಾಕುವ ಬಡ್ಡಿ) ಎಂದರೆ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕುವ ಬಡ್ಡಿಯಲ್ಲಿ ಅದು ಹೆಚ್ಚುಕಡಿಮೆ ಶೇಕಡಾ 21.5 ಆಗುತ್ತದೆ. ಬ್ಯಾಂಕಿನ ಅಥವಾ ಸಹಕಾರ ಸಂಘದ ಚಿನ್ನದ ಸಾಲವನ್ನು ಇದರ ಪಕ್ಕದಲ್ಲಿಟ್ಟು ತೂಗಿ ನೋಡುವುದನ್ನು ಅವರೇ ಕಲಿಯುತ್ತಾರೆ.

ಮನೆಯಲ್ಲಿ ಹೆಂಗಸರ ಹೆಸರಿನಲ್ಲಿ ವಾರದ, ತಿಂಗಳ ಸಂಘದ ಸಾಲಗಳಿರುತ್ತವೆ, ಅವು ಎಷ್ಟೆಂದು ಗಂಡನಿಗೆ ಪೂರ್ತಿ ತಿಳಿದಿರುವುದಿಲ್ಲ. ಗಂಡನ ಕೈಗಡಗಳು ಹೆಂಡತಿಗೆ ತಿಳಿದಿರುವುದಿಲ್ಲ. ವರ್ಷದ ಆದಾಯ 3 ಲಕ್ಷದೊಳಗಿನ ಕುಟುಂಬಗಳಿಗೆ ಕೊಡುವ ಕಿರುಸಾಲಗಳಲ್ಲಿ, ಮನೆಯ ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಆ ಅರ್ಧದ ಗೆರೆಯನ್ನು ಗಂಡಹೆಂಡಿರು ಇಬ್ಬರೂ ಕೂತು ಒಂದೇ ಹಾಳೆಯ ಮೇಲೆ ಎಳೆದು ನೋಡಿಕೊಳ್ಳಲಿ ಎಂದು, ಒಂದು ಭಾನುವಾರದ ಪಾಠಕ್ಕೆ ಮನೆಯವರನ್ನೂ ಕರೆಸಿದೆವು. ನಾವು ಮಾಡಿದ್ದರಲ್ಲೆಲ್ಲ ಅತಿ ಹೆಚ್ಚು ಪ್ರಯೋಜನವಾದದ್ದು ಆ ಭಾನುವಾರದಿಂದ ಎಂದು ನನ್ನ ನಂಬಿಕೆ. ಚೀಟಿ ಹಾಕುವವರನ್ನು ಹೀಗಳೆಯಬೇಡಿ; ಅವರಿಗೆ ಉಳಿತಾಯವೂ ಸಾಲವೂ ಅದೇ. ಅದು 1982ರ ಚೀಟಿ ನಿಧಿ ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ಕೇಳುವುದನ್ನು ಮಾತ್ರ ಕಲಿಸಿ.

ಇನ್ನು ಉಳಿತಾಯ. ಮಲೆನಾಡಿನವರಿಗೆ ಕೂಡಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ನಾಲ್ಕು ತಿಂಗಳ ಮಳೆಗೆ ಬೇಕಾದ ಕಟ್ಟಿಗೆಯನ್ನು ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ, ಮಿಡಿ ಉಪ್ಪಿನಕಾಯಿ ಹಾಕಿಡುವ ಮನೆಗಳಿಂದಲೇ ನಮ್ಮ ಕೆಲಸಗಾರರು ಬಂದವರು. ಮಳೆ ಬರುತ್ತದೆ ಎಂದು ಅವರಿಗೆ ಗೊತ್ತು, ಹಾಗಾಗಿ ಕೂಡಿಡುತ್ತಾರೆ. ಜಾತ್ರೆಯೂ ಹಾಗೆಯೇ ಮೊದಲೇ ಗೊತ್ತಿರುವ ಖರ್ಚಲ್ಲವೇ ಎಂದು ಕೇಳಿದೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ನೆಂಟರಿಷ್ಟರ ಊಟಕ್ಕೆ, ಬಟ್ಟೆಗೆ 24,000 ರೂಪಾಯಿ ಬೇಕೆಂದರೆ ಎರಡು ವರ್ಷದಲ್ಲಿ ತಿಂಗಳಿಗೆ ಸಾವಿರದ ಲೆಕ್ಕ. ಆದರೆ ಇದನ್ನು ಹೇಳಿ ಬಿಟ್ಟರೆ ಆಗುವುದಿಲ್ಲ, ವ್ಯವಸ್ಥೆ ಮಾಡಿಕೊಡಬೇಕು. ಸಂಬಳ ಏಳನೆಯ ತಾರೀಕಿಗೆ ಆದರೆ ಎಂಟನೆಯ ತಾರೀಕಿಗೆ ಆರ್.ಡಿ. ಖಾತೆಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ತಾನಾಗಿಯೇ ಹೋಗುವಂತೆ, ಒಪ್ಪಿದವರಿಗೆ ಮಾತ್ರ, ಬ್ಯಾಂಕಿನವರನ್ನು ಕಾರ್ಖಾನೆಗೇ ಕರೆಸಿ ಅರ್ಜಿ ತುಂಬಿಸಿದೆವು. ಒಬ್ಬರು 300 ಬರೆದರು, ಇನ್ನೊಬ್ಬರು 1,500 ಬರೆದರು. ಮೊತ್ತ ಅವರಿಷ್ಟ.

ವಿಮೆಯ ಬಗ್ಗೆ ಒಂದೇ ಮಾತು. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ, ಇವೆರಡೂ ಮೇ ಕೊನೆಗೆ ಖಾತೆಯಿಂದ ಕಡಿತವಾಗುತ್ತವೆ. ಶಾಲೆಯ ಫೀಸು ಕಟ್ಟಿ, ಮಳೆಗಾಲದ ಸಾಮಾನು ತಂದು, ಖಾತೆ ಬರಿದಾಗಿರುವ ಕಾಲವೂ ಅದೇ. 456 ರೂಪಾಯಿ ಇಲ್ಲದೆ ತಲಾ ಎರಡು ಲಕ್ಷದ ರಕ್ಷಣೆ ತಪ್ಪಿಹೋಗುವುದನ್ನು ಕಂಡ ಮೇಲೆ, ಮೇ ಇಪ್ಪತ್ತಕ್ಕೆ ನೋಟಿಸ್ ಬೋರ್ಡಿನಲ್ಲಿ ಆ ಮೊತ್ತವನ್ನು ದೊಡ್ಡದಾಗಿ ಬರೆಸುವುದು ನಮ್ಮ ಪದ್ಧತಿಯಾಯಿತು. ಮೊಬೈಲ್ ಮೋಸಕ್ಕೂ ಬೋರ್ಡಿನಲ್ಲಿ ಎರಡು ಸಾಲು ಸಾಕು: ಹಣ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪಾಠ ಮಾಡುವವರು ಪಾಲಿಸಿಯನ್ನಾಗಲಿ ಸಾಲವನ್ನಾಗಲಿ ಮಾರುವವರಾಗಿರಬಾರದು. ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರದವರು ಹಣ ತೆಗೆದುಕೊಳ್ಳದೆ ಬರುತ್ತಾರೆ, ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕ್) ಕಚೇರಿಯಲ್ಲಿ ವಿಚಾರಿಸಿ. ಪಾಳಿಯ ಸಮಯದೊಳಗೇ ನಲವತ್ತು ನಿಮಿಷ, ಹದಿನೈದು ಇಪ್ಪತ್ತು ಮಂದಿಗೆ ಮೀರದಂತೆ ಕೂರಿಸಿ. ಪಾಳಿ ಮುಗಿದ ಮೇಲೆ ಊರಿನ ಬಸ್ಸು ತಪ್ಪುತ್ತದೆಂಬ ಚಿಂತೆಯಲ್ಲಿ ಕುಳಿತವರಿಗೆ ಏನೂ ಕೇಳಿಸುವುದಿಲ್ಲ. ಯಾರ ಸಾಲ ಎಷ್ಟೆಂಬುದು ಇನ್ನೊಬ್ಬರ ಕಿವಿಗೆ ಬೀಳಬಾರದು, ಮಾಲೀಕರ ಕಿವಿಗಂತೂ ಬೀಳಲೇಬಾರದು.

ಕೊನೆಯದಾಗಿ, ಮಾಲೀಕರಿಗೆ ನೀವು ಧೈರ್ಯವಾಗಿ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿ ಒಂದು ಕಾಲಕ್ಕೆ ಸಂಬಳ ಒಂದು ತಿಂಗಳು ಏಳಕ್ಕೆ, ಇನ್ನೊಂದು ತಿಂಗಳು ಹದಿನಾಲ್ಕಕ್ಕೆ ಆಗುತ್ತಿತ್ತು, ಓ.ಟಿ. (ಹೆಚ್ಚುವರಿ ದುಡಿಮೆಯ) ಹಣ ಎರಡು ತಿಂಗಳು ತಡವಾಗಿ ಬರುತ್ತಿತ್ತು. ಬಾಡಿಗೆ, ಕಂತು, ಫೀಸು ಯಾವುದೂ ಕಾಯುವುದಿಲ್ಲ, ಹೀಗಾಗಿ ಅಡ್ವಾನ್ಸ್ ಕೇಳುತ್ತಿದ್ದವರಲ್ಲಿ ಎಷ್ಟೋ ಮಂದಿ ತಾವು ಆಗಲೇ ದುಡಿದಿದ್ದ ಹಣವನ್ನೇ ಸಾಲವಾಗಿ ಕೇಳುತ್ತಿದ್ದರು. ಸಂಬಳದ ತಾರೀಕು ಏಳೆಂದು ಗಟ್ಟಿಯಾಗಿ, ಓ.ಟಿ.ಯೂ ಅದೇ ದಿನ ಸಿಗುವಂತಾದ ಮೇಲೆ, ಇನ್ನೂ ಒಂದು ಪಾಠವೂ ನಡೆಯದಿದ್ದಾಗಲೇ ನನ್ನ ರಿಜಿಸ್ಟರಿನ ಪುಟಗಳು ಮೊದಲಿಗಿಂತ ನಿಧಾನವಾಗಿ ತುಂಬತೊಡಗಿದವು. ನಿಮ್ಮ ಕಾರ್ಖಾನೆಯಲ್ಲಿ ಕಳೆದ ಆರು ತಿಂಗಳು ಸಂಬಳ ಯಾವ ಯಾವ ತಾರೀಕಿಗೆ ಆಗಿದೆ ಎಂಬುದನ್ನೂ, ಅಡ್ವಾನ್ಸಿನ ಆ ಹಾಳೆಯ ಪಕ್ಕದಲ್ಲಿಯೇ ಬರೆದು ಮಾಲೀಕರ ಮುಂದಿಡಿ.